ಬಟ್ಟೆ ವಿಷಯ ಮೊದಲು ಮುಗಿಸಿಬಿಡೋಣ

ಯಾಕಂದ್ರೆ ಅದು ಮುಗಿಯುವ ತನಕ ಸೌನಾದ ಬಗ್ಗೆ, ಅಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ ಬಿಸಿ ಮಾಡಿದ ಕೋಣೆಯಲ್ಲಿ ಕೂತು ಮಾಡುವ ಹಬೆಸ್ನಾನದ ಬಗ್ಗೆ, ಬೇರೆ ಯಾವ ಮಾತೂ ಮುಂದೆ ಹೋಗುವುದಿಲ್ಲ. ಹೌದು, ಫಿನ್ಲೆಂಡಿನವರು ಸೌನಾದಲ್ಲಿ ಬಟ್ಟೆ ಹಾಕಿಕೊಳ್ಳುವುದಿಲ್ಲ. ಮನೆಯ ಸೌನಾದಲ್ಲಿ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಸಾರ್ವಜನಿಕ ಸೌನಾದಲ್ಲಿ ಸಾಮಾನ್ಯವಾಗಿ ಗಂಡಸರಿಗೆ ಬೇರೆ ಕೋಣೆ, ಹೆಂಗಸರಿಗೆ ಬೇರೆ. ಎಲ್ಲರೂ ಒಟ್ಟಿಗೆ ಕೂರುವ ಹೊಸ ಕಾಲದ ಜಾಗಗಳಲ್ಲಿ, ಉದಾಹರಣೆಗೆ ಹೆಲ್ಸಿಂಕಿಯ ಸಮುದ್ರದಂಡೆಯಲ್ಲಿ 2016ರಲ್ಲಿ ತೆರೆದ ಲೊಯ್ಲು ಅನ್ನುವ ಸೌನಾದಲ್ಲಿ, ಈಜುಡುಗೆ ಬೇಕೇ ಬೇಕು. ಆಫೀಸಿನವರ ಜೊತೆ ಹೋದರೂ ಹೆಂಗಸರ ಸರದಿ, ಗಂಡಸರ ಸರದಿ ಅಂತ ಬೇರೆ ಬೇರೆ ಹೊತ್ತು. ನನಗೆ ಬೇಡ ಅಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮುಗಿಯಿತು.

ಮುಗಿಯಿತು ಅಂತ ನಾನು ಹೇಳಿದರೆ ಮುಗಿಯುತ್ತದಾ? ನಾನು ಫಿನ್ಲೆಂಡಿನ ತಾಂಪೆರೆ ಊರಿಗೆ ಕೆಲಸಕ್ಕೆ ಬಂದಾಗಿನಿಂದ ಪುತ್ತೂರಿನ ಚಿಕ್ಕಮ್ಮ ಫೋನಿನಲ್ಲಿ ಇದೊಂದನ್ನು ಬಿಟ್ಟು ಬೇರೆ ಕೇಳಿದ್ದು ಕಡಿಮೆ. "ಅಲ್ಲ ಮಾರಾಯ, ಮರುದಿನ ಮೀಟಿಂಗಿನಲ್ಲಿ ಅವರ ಮುಖ ಹೇಗೆ ನೋಡುವುದು ನೀನು?" ಅಂತ ಅವರ ಚಿಂತೆ. "ಅದಕ್ಕೆ ತೊಂದರೆ ಇಲ್ಲ ಚಿಕ್ಕಮ್ಮ, ಇಲ್ಲಿಯವರು ಮೊದಲೇ ಮುಖ ನೋಡಿ ಮಾತಾಡುವುದು ಕಡಿಮೆ" ಅಂದರೆ ನಗುತ್ತಾರೆ, ಮುಂದಿನ ವಾರ ಮತ್ತೆ ಅದನ್ನೇ ಕೇಳುತ್ತಾರೆ. ಚಿಕ್ಕಮ್ಮ ಒಬ್ಬರೇ ಅಲ್ಲ. ನಮ್ಮ ಆಫೀಸಿಗೆ ಬರುವ ಅಮೆರಿಕದವರು, ಬ್ರೆಜಿಲಿನವರು, ಬೆಂಗಳೂರಿನವರು, ಎಲ್ಲರ ಮೊದಲ ಪ್ರಶ್ನೆ ಇದೇ. ಇಟಲಿಯ ಜುಸೆಪ್ಪೆ ಅಚೆರ್ಬಿ ಅನ್ನುವವನು 1799ರಲ್ಲಿ ಫಿನ್ಲೆಂಡ್ ದಾಟಿ ಯುರೋಪಿನ ಉತ್ತರದ ತುದಿಗೆ ಹೋಗಿಬಂದು, 1802ರಲ್ಲಿ ಲಂಡನ್ನಿನಲ್ಲಿ ಪ್ರವಾಸದ ಪುಸ್ತಕ ಪ್ರಕಟಿಸಿದ. ಅದರಲ್ಲಿ ರೈತರ ಸೌನಾದ ವರ್ಣನೆ ಇದೆ, ಚಿತ್ರವೂ ಇದೆ. ಗಂಡಸರು ಹೆಂಗಸರು ಬಟ್ಟೆ ಇಲ್ಲದೆ ಒಟ್ಟಿಗೆ ಕೂತಿದ್ದಾರೆ, ಆಮೇಲೆ ಹೊರಗೆ ಓಡಿ ಹಿಮದಲ್ಲಿ ಹೊರಳಾಡುತ್ತಾರೆ ಅಂತ ಬೆರಗಾಗಿ ಬರೆದಿದ್ದಾನೆ. ಅಂದರೆ ಈ ಕುತೂಹಲಕ್ಕೆ ಇನ್ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ, ಹೊಸದೇನೂ ಸೇರಿಕೊಂಡಿಲ್ಲ.

ಈಜುಕೊಳಕ್ಕೆ ಹೋದರೆ ಕಥೆ ಇನ್ನೂ ಉಲ್ಟಾ. ಇಲ್ಲಿನ ಸಾರ್ವಜನಿಕ ಈಜುಕೊಳಗಳಲ್ಲಿ ಸೌನಾದೊಳಗೆ ಈಜುಡುಗೆ ಹಾಕಿಕೊಂಡು ಹೋಗುವಂತಿಲ್ಲ, ಬಾಗಿಲಲ್ಲೇ ಬೋರ್ಡು ಇರುತ್ತದೆ. ಕೊಳಕ್ಕೆ ಇಳಿಯುವ ಮೊದಲು ಎಲ್ಲ ಬಿಚ್ಚಿ ಸರಿಯಾಗಿ ಸ್ನಾನ ಮಾಡಬೇಕು. ಚಡ್ಡಿಯ ಮೇಲೆ ಸುಮ್ನೆ ನೀರು ಸುರಿದುಕೊಂಡರೆ ಲೆಕ್ಕಕ್ಕಿಲ್ಲ. ಕಾರಣ ಬರೀ ಶುಚಿ. ಹೊಸದಾಗಿ ಬಂದ ನಮ್ಮವರು ಆ ಸಾಲು ಶವರುಗಳ ಕೊನೆಯ ಮೂಲೆ ಹಿಡಿದು, ಗೋಡೆಯ ಟೈಲ್ಸ್ ಎಣಿಸುವವರ ಹಾಗೆ ನಿಂತಿರುತ್ತಾರೆ. ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜ ಬಂದು, ಕಾಲು ಉಜ್ಜಿಕೊಳ್ಳುತ್ತಾ, ರಸ್ತೆಯ ಮಂಜುಗಡ್ಡೆಗೆ ಈ ಸಲ ಜಲ್ಲಿ ಸರಿಯಾಗಿ ಹಾಕಿಲ್ಲ ಅಂತ ದೂರು ಹೇಳುತ್ತಾನೆ. ಅವನಿಗೆ ಅದು ಬಚ್ಚಲು, ಅಷ್ಟೆ.

ನನ್ನ ತಕರಾರು ಕುತೂಹಲದ ಮೇಲೆ ಅಲ್ಲ. ಅದು ಬಾಗಿಲಲ್ಲೇ ನಿಂತುಬಿಡುತ್ತದೆ, ಅದರ ಮೇಲೆ. ಬಟ್ಟೆ ಆಯಿತು, ಆಮೇಲೆ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಮುಳುಗುವುದು, ಆಮೇಲೆ ಬರ್ಚ್ ಸೊಪ್ಪಿನ ಕಟ್ಟಿನಿಂದ ಮೈಗೆ ಬಡಿದುಕೊಳ್ಳುವುದು. ಮೂರು ಫೋಟೊ, ಮೂರು ರೀಲ್ಸ್, ಫಿನ್ಲೆಂಡ್ ನೋಡಿ ಆಯಿತು. ಒಲೆ ಹಚ್ಚುವವರು ಯಾರು, ಎಷ್ಟು ಹೊತ್ತು ಕಾಯಿಸಬೇಕು, ಕಟ್ಟಿಗೆ ಎಲ್ಲಿಂದ, ಆಮೇಲೆ ಬೆಂಚು ಉಜ್ಜುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಸುಮಾರು 56 ಲಕ್ಷ ಜನರಿರುವ ದೇಶದಲ್ಲಿ ಸುಮಾರು 30 ಲಕ್ಷ ಸೌನಾ ಇವೆ. ಅಷ್ಟು ಜಾಸ್ತಿ ಇರುವ ವಸ್ತು ಅದ್ಭುತ ಆಗಿರುವುದಕ್ಕೆ ಸಾಧ್ಯವೇ ಇಲ್ಲ. ಅದು ಮನೆಗೆಲಸ.

ಮನೆಗೆಲಸ ಅಂದಮೇಲೆ ಅದರಲ್ಲಿ ತಿಳಿದುಕೊಳ್ಳುವುದು ಬೇಕಾದಷ್ಟಿದೆ. ಒಳಗೆ ಎಂಬತ್ತು ಡಿಗ್ರಿ ಅಂದರೆ ಊರಿನವರು ನಂಬುವುದಿಲ್ಲ. ಎಂಬತ್ತು ಡಿಗ್ರಿಯ ನೀರು ಕೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ, ಅಲ್ವಾ? ಗಾಳಿಯ ಲೆಕ್ಕ ಬೇರೆ. ಒಣಗಾಳಿ ಮೈಗೆ ಶಾಖ ದಾಟಿಸುವುದು ಬಹಳ ನಿಧಾನ, ಜೊತೆಗೆ ಬೆವರು ಆರುತ್ತಾ ಮೈಯನ್ನು ತಂಪು ಮಾಡುತ್ತಿರುತ್ತದೆ. ಅದಕ್ಕೇ ಕಾದ ಕಲ್ಲುಗಳ ಮೇಲೆ ಸೌಟಿನಲ್ಲಿ ನೀರು ಹಾಕುವುದು. ನೀರು ಚುಸ್ ಅಂತ ಆವಿಯಾಗಿ ಮೊದಲು ಮಾಡಿಗೆ ಏರುತ್ತದೆ, ಒಂದೆರಡು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಮೇಲಿನಿಂದ ಹೆಗಲಿಗೆ ಇಳಿಯುತ್ತದೆ. ಆವಿಗಿಂತ ನಮ್ಮ ಮೈ ತಣ್ಣಗಿರುವುದರಿಂದ ಚರ್ಮದ ಮೇಲೆ ಅದು ಹನಿಯಾಗಿ ಕೂರುತ್ತದೆ, ಹನಿಯಾಗುವಾಗ ತನ್ನೊಳಗಿನ ಶಾಖವನ್ನು ನಮಗೆ ಬಿಟ್ಟುಕೊಡುತ್ತದೆ. ಥರ್ಮಾಮೀಟರಿನ ಮುಳ್ಳು ಇದ್ದಲ್ಲೇ ಇದ್ದರೂ ಕಿವಿಯ ತುದಿ ಚುರುಚುರು ಅನ್ನುತ್ತದೆ. ಈ ಹಬೆಗೇ ಲೊಯ್ಲು ಅಂತ ಹೆಸರು. ಸೌನಾ ಚೆನ್ನಾಗಿತ್ತಾ ಅಂತ ಇಲ್ಲಿ ಕೇಳುವುದಿಲ್ಲ, ಲೊಯ್ಲು ಚೆನ್ನಾಗಿತ್ತಾ ಅಂತ ಕೇಳುತ್ತಾರೆ.

ಇನ್ನು ಬೆಂಚು. ಮೇಲಿನ ಬೆಂಚಿನಲ್ಲಿ ಕೂತವರ ಪಾದ ಒಲೆಯ ಕಲ್ಲುಗಳ ಮಟ್ಟಕ್ಕಿಂತ ಮೇಲಿರಬೇಕು ಅಂತ ಇವರ ನಿಯಮ. ಇಲ್ಲದಿದ್ದರೆ ತಲೆ ಬೇಯುತ್ತದೆ, ಕಾಲು ತಣ್ಣಗೆ. ಹೊರದೇಶದ ಎಷ್ಟೋ ಹೋಟೆಲ್, ಜಿಮ್‌ಗಳ ಸೌನಾದಲ್ಲಿ ಬೆಂಚು ತಗ್ಗಿನಲ್ಲಿರುತ್ತದೆ, ಮೇಲಿಂದ 'ಕಲ್ಲಿಗೆ ನೀರು ಹಾಕಬಾರದು' ಅಂತ ಬೋರ್ಡು ಬೇರೆ. ತಣ್ಣಗೆ ಮಾತಾಡುವ ಫಿನ್ನರು ಕೂಡ ಈ ಬೋರ್ಡಿನ ವಿಷಯ ಬಂದರೆ ಸ್ವರ ಏರಿಸುತ್ತಾರೆ. ಕಲ್ಲೂ ಅಷ್ಟೆ, ಯಾವುದೋ ಹೊಳೆಯ ಕಲ್ಲು ತಂದು ಹಾಕಿದರೆ ಆಗುವುದಿಲ್ಲ. ಕೆಂಪಗೆ ಕಾದು ಮೇಲೆ ತಣ್ಣೀರು ಬಿದ್ದರೂ ಸಿಡಿಯದ ಜಾತಿಯದ್ದು ಬೇಕು. ಅದೂ ಬಳಸಿ ಬಳಸಿ ಪುಡಿಯಾಗುತ್ತದೆ. ಆಗಾಗ ಎಲ್ಲ ಹೊರಗೆ ತೆಗೆದು, ಪುಡಿ ಗುಡಿಸಿ, ಗಾಳಿ ಆಡುವ ಹಾಗೆ ಸಡಿಲವಾಗಿ ಮತ್ತೆ ಜೋಡಿಸಬೇಕು. ನಮ್ಮ ಬಿಲ್ಡಿಂಗಿನಲ್ಲಿ ಈ ಕೆಲಸಕ್ಕೆ ಅಂತ ವಸಂತದಲ್ಲಿ ಒಂದು ಶನಿವಾರ ಗೊತ್ತು ಮಾಡುತ್ತಾರೆ. ಎಲ್ಲರೂ ಬರುತ್ತಾರೆ, ಯಾರೂ ಮಾತಾಡುವುದಿಲ್ಲ, ಕೊನೆಗೆ ಸಾಸೇಜ್ ಸುಟ್ಟು ತಿಂದು ಹೋಗುತ್ತಾರೆ.

ತಾಂಪೆರೆಗೆ ಯಾರಾದರೂ ಬಂದರೆ ನಾನು ಕರೆದುಕೊಂಡು ಹೋಗುವುದು ಪಿಸ್ಪಲಾದ ರಾಜಪೊರ್ತ್ತಿಗೆ. 1906ರಲ್ಲಿ ಶುರುವಾದದ್ದು, ಈಗಲೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಇಡೀ ಫಿನ್ಲೆಂಡಿಗೆ ಹಳೆಯದು. ಎರಡು ಕೆರೆಗಳ ನಡುವಿನ ದಿಣ್ಣೆಯ ಮೇಲೆ ಹಿಂದೆ ಕಾರ್ಖಾನೆ ಕೂಲಿಗಳು ಮರದ ಮನೆ ಕಟ್ಟಿಕೊಂಡಿದ್ದ ಕೇರಿ ಅದು. ಮನೆಗಳಲ್ಲಿ ಸ್ನಾನದ ವ್ಯವಸ್ಥೆ ಇರಲಿಲ್ಲ, ಹಾಗಾಗಿ ದುಡ್ಡು ಕೊಟ್ಟು ಸೌನಾಕ್ಕೆ ಬರುತ್ತಿದ್ದರು. ಒಲೆಯನ್ನು ಉದ್ದುದ್ದ ಕಟ್ಟಿಗೆ ಹಾಕಿ ಮೊದಲೇ ಉರಿಸಿಟ್ಟಿರುತ್ತಾರೆ. ಬೆಂಕಿ ಆರಿದ ಮೇಲೆ, ಒಳಗಿನ ಕಲ್ಲಿನ ರಾಶಿ ಹಿಡಿದಿಟ್ಟುಕೊಂಡ ಬಿಸಿಯಲ್ಲೇ ಸಂಜೆ ಪೂರ್ತಿ ನಡೆಯುತ್ತದೆ. ನೀರು ಹಾಕುವ ಮೊದಲು ಹಾಕುವವನು ಕೂತವರ ಕಡೆ ತಿರುಗಿ "ಹಾಕಲಾ?" ಅಂತ ಕೇಳುತ್ತಾನೆ. ಒಬ್ಬ ಹೂಂ ಅನ್ನುತ್ತಾನೆ, ಇನ್ನೊಬ್ಬ ಒಂದು ಬೆಂಚು ಕೆಳಗೆ ಇಳಿಯುತ್ತಾನೆ, ಬೇರೆ ಚರ್ಚೆ ಇಲ್ಲ. ಆಮೇಲೆ ಅಂಗಳ. ಮೈನಸ್ ಹದಿನೈದು ಡಿಗ್ರಿಯಲ್ಲಿ ಟವೆಲ್ ಸುತ್ತಿಕೊಂಡ ಗಂಡಸರು ಹೆಂಗಸರು ಮರದ ಬೆಂಚಿನಲ್ಲಿ ಕೂತು, ತಲೆಯಿಂದ ಹೊಗೆ ಏಳುತ್ತಾ, ಜ್ಯೂಸೋ ಬಿಯರೋ ಕುಡಿಯುತ್ತಿರುತ್ತಾರೆ. ಪಕ್ಕದ ರಸ್ತೆಯಲ್ಲಿ ಬಸ್ಸು ಹೋಗುತ್ತಿರುತ್ತದೆ.

ಫಿನ್ನರು ಮಾತಾಡುವುದಿಲ್ಲ ಅನ್ನುವುದೂ ಈ ಅಂಗಳದಲ್ಲಿ ಅರ್ಧ ಸುಳ್ಳು. ಬಸ್‌ಸ್ಟಾಪಿನಲ್ಲಿ ಎರಡು ಮೀಟರ್ ದೂರ ನಿಲ್ಲುವ ಅದೇ ಜನ ಇಲ್ಲಿ, ಹೆಸರೂ ಕೇಳದೆ, ಸೊಂಟದ ಆಪರೇಷನ್, ಮಗಳ ಡೈವೋರ್ಸ್, ಮೀನು ಹಿಡಿಯುವ ಬಲೆ, ಎಲ್ಲ ಹೇಳಿಕೊಳ್ಳುತ್ತಾರೆ. ಒಳಗೆ ಕತ್ತಲು ಇರುತ್ತದೆ, ಎಲ್ಲರೂ ಒಂದೇ ಕಡೆಗೆ, ಒಲೆಯ ಕಡೆಗೆ, ಮುಖ ಮಾಡಿ ಕೂತಿರುತ್ತಾರೆ. ಮಾತಿಗೆ ಅದೇ ಅನುಕೂಲ ಅಂತ ನನ್ನ ಅನಿಸಿಕೆ. ಕಣ್ಣಿಗೆ ಕಣ್ಣು ಕೊಟ್ಟು ಹೇಳಬೇಕಾಗಿಲ್ಲ, ನಡುವೆ ಮೌನ ಬಂದರೆ ಒಂದು ಸೌಟು ನೀರು ಹಾಕಿದರಾಯಿತು.

ಚಿಮಣಿ ಇಲ್ಲದ ಹೊಗೆ ಸೌನಾ ಎಲ್ಲಕ್ಕಿಂತ ಹಳೆಯ ಕ್ರಮ. ಗಂಟೆಗಟ್ಟಲೆ ಕಟ್ಟಿಗೆ ಉರಿಸುತ್ತಾರೆ, ಹೊಗೆ ಕೋಣೆಯಲ್ಲೇ ಸುತ್ತುತ್ತದೆ, ಗೋಡೆ ಮಾಡು ಎಲ್ಲ ಮಸಿ ಹಿಡಿಯುತ್ತದೆ. ಬೆಂಕಿ ಪೂರ್ತಿ ಆರಿ, ಹೊಗೆ ಹೊರಗೆ ಹೋಗಿ, ಕೋಣೆ ತಿಳಿಯಾದ ಮೇಲೆ ಜನ ಒಳಗೆ ಹೋಗುತ್ತಾರೆ. ಅವಸರ ಮಾಡಿದರೆ ವಿಷದ ಹೊಗೆಗೆ ತಲೆ ಸುತ್ತಿ ಬೀಳಬಹುದು. ಹಾಗಾಗಿ ಇದನ್ನು ಕಾಯಿಸುವುದು ಅನುಭವಸ್ಥರ ಕೆಲಸ. ಹಳ್ಳಿಗಳಲ್ಲಿ ಹೆರಿಗೆ ಆಗುತ್ತಿದ್ದದ್ದೂ ಸೌನಾದಲ್ಲೇ. ಸತ್ತವರನ್ನು ತೊಳೆದು ಅಣಿ ಮಾಡುತ್ತಿದ್ದದ್ದೂ ಅಲ್ಲೇ. ಪ್ರವಾಸಿ ಪುಸ್ತಕಗಳು ಇದನ್ನು ಭಾರಿ ಗೂಢವಾಗಿ ಹೇಳುತ್ತವೆ. ಚಳಿದೇಶದ ಬಡ ರೈತನ ಮನೆಯಲ್ಲಿ ಬೆಚ್ಚಗಿನ, ಬಿಸಿನೀರಿರುವ, ಹೆಂಗಸಿಗೆ ಒಂದಿಷ್ಟು ಮರೆ ಸಿಗುವ ಜಾಗ ಬೇರೆ ಎಲ್ಲಿತ್ತು? ಗೂಢ ಆಮೇಲೆ ಸೇರಿಕೊಂಡಿರಬೇಕು. ಸೌನಾದಲ್ಲಿ ಜಗಳ ಆಡಬಾರದು, ಗದ್ದಲ ಮಾಡಬಾರದು ಅಂತ ಹಳಬರು ಈಗಲೂ ಮಕ್ಕಳನ್ನು ಗದರುತ್ತಾರೆ.

ನಮ್ಮ ಅಪಾರ್ಟ್‌ಮೆಂಟಿನ ಸೌನಾ ನೆಲಮಾಳಿಗೆಯಲ್ಲಿದೆ. ಗೂಢವೂ ಇಲ್ಲ, ಕಟ್ಟಿಗೆಯೂ ಇಲ್ಲ, ಕರೆಂಟಿನ ಒಲೆ. ವಾರಕ್ಕೆ ಒಂದು ಗಂಟೆ ನಮ್ಮ ಮನೆಯ ಸರದಿ, ತಿಂಗಳಿಗೆ ಇಷ್ಟು ಯೂರೋ ಅಂತ ಬಾಡಿಗೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಪಟ್ಟಿ ಅಂಟಿಸಿರುತ್ತಾರೆ. ಶುಕ್ರವಾರ, ಶನಿವಾರದ ಸಂಜೆಯ ಸರದಿ ಹಳೆಯ ನಿವಾಸಿಗಳ ಕೈಯಲ್ಲಿ ಭದ್ರವಾಗಿದೆ; ಅವರು ಮನೆ ಖಾಲಿ ಮಾಡಬೇಕು ಅಥವಾ ತೀರಿಕೊಳ್ಳಬೇಕು, ಆಗ ಮಾತ್ರ ಹೊಸಬರಿಗೆ. ನಮಗೆ ಸಿಕ್ಕಿದ್ದು ಮಂಗಳವಾರ. ಅಡ್ಡಿಲ್ಲ. 2022ರ ಚಳಿಗಾಲದಲ್ಲಿ ಉಕ್ರೇನ್ ಯುದ್ಧದಿಂದ ಕರೆಂಟ್ ದರ ಏರಿದಾಗ, ಮನೆಯ ಬಿಸಿ ಒಂದು ಡಿಗ್ರಿ ಇಳಿಸಿ, ಸೌನಾ ಕಾಯಿಸುವುದು ಕಡಿಮೆ ಮಾಡಿ ಅಂತ ಸರ್ಕಾರದ ಕಡೆಯಿಂದಲೇ ಪ್ರಚಾರ ನಡೆಯಿತು. ನನಗೆ ಈ ದೇಶ ಅರ್ಥವಾಗುವುದಕ್ಕೆ ಆ ಪ್ರಚಾರ ಮಾಡಿದ ಸಹಾಯ ಯಾವ ಮ್ಯೂಸಿಯಮ್ಮೂ ಮಾಡಿಲ್ಲ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಫಿನ್ಲೆಂಡಿನ ಸೌನಾ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಆ ಬಗ್ಗೆ ಮಾತಾಡಿದ್ದು ನೆನಪಿಲ್ಲ. ಕರೆಂಟ್ ಬಿಲ್ಲಿನ ಬಗ್ಗೆ ಮಾತ್ರ ಮೂರು ಮೀಟಿಂಗ್ ಆಯಿತು.

ಆರೋಗ್ಯಕ್ಕೆ ಒಳ್ಳೆಯದಂತೆ, ಹೌದಾ? ಇದೂ ಬರುವ ಪ್ರಶ್ನೆ. ಪೂರ್ವ ಫಿನ್ಲೆಂಡಿನ 2,315 ಮಧ್ಯವಯಸ್ಸಿನ ಗಂಡಸರನ್ನು ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುವವರಲ್ಲಿ ಹೃದಯದ ತೊಂದರೆಯಿಂದ ಸಾಯುವುದು ಕಡಿಮೆ ಅಂತ ಅದರಲ್ಲಿ ಕಂಡಿತು. ಎಲ್ಲರೂ ಆ ತಲೆಬರಹ ಹಂಚಿಕೊಂಡರು. ಆದರೆ ಆ ಗುಂಪಿನಲ್ಲಿದ್ದವರು 201 ಜನ, ಹೋಲಿಸಿದ್ದು ಸೌನಾಕ್ಕೇ ಹೋಗದವರ ಜೊತೆ ಅಲ್ಲ, ವಾರಕ್ಕೊಮ್ಮೆ ಹೋಗುವವರ ಜೊತೆ. ಲೆಕ್ಕ ಹಾಕುವಾಗ ಬೇರೆ ಕಾರಣಗಳನ್ನು ಆದಷ್ಟು ಬದಿಗೆ ಸರಿಸಿದ್ದಾರೆ, ಸರಿ. ಆದರೂ ವಾರವಿಡೀ ಸೌನಾಕ್ಕೆ ಹೋಗುವಷ್ಟು ಪುರುಸೊತ್ತು, ನೆಮ್ಮದಿ, ಗಟ್ಟಿ ಎದೆ ಇರುವವನು ಮೊದಲೇ ಸ್ವಲ್ಪ ಚೆನ್ನಾಗಿಯೇ ಇರುತ್ತಾನೆ ಅನ್ನುವ ಸಂಶಯ ನನ್ನದು. ಬಿಪಿ ಮಾತ್ರೆ ಬಿಟ್ಟು ಸೌನಾ ಹಿಡಿಯಬೇಡಿ. ಹಾಗೆಯೇ, ಯಾರು ಜಾಸ್ತಿ ಹೊತ್ತು ಕೂರುತ್ತಾರೆ ಅಂತ ಪಂದ್ಯ ಕಟ್ಟುವವರಿಗೆ: ಹೈನೊಲಾ ಊರಿನಲ್ಲಿ 1999ರಿಂದ ನಡೆಯುತ್ತಿದ್ದ ವಿಶ್ವ ಸೌನಾ ಚಾಂಪಿಯನ್‌ಶಿಪ್‌ನ 2010ರ ಫೈನಲ್ಲಿನಲ್ಲಿ, 110 ಡಿಗ್ರಿ ಬಿಸಿಯಲ್ಲಿ, ರಷ್ಯಾದ ಸ್ಪರ್ಧಿ ಸುಟ್ಟು ಸತ್ತುಹೋದ. ಪಂದ್ಯ ಅಲ್ಲಿಗೆ ನಿಂತಿತು.

ರಾಜಕೀಯದ ಕಥೆಗಳೂ ಇವೆ. 1956ರಿಂದ 1982ರವರೆಗೆ ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ ಸೋವಿಯತ್ ನಾಯಕ ಕ್ರುಶ್ಚೇವರನ್ನು 1960ರಲ್ಲಿ ತಮ್ಮ ಸೌನಾದಲ್ಲಿ ಕೂರಿಸಿಕೊಂಡದ್ದು ಇಲ್ಲಿ ಮಕ್ಕಳಿಗೂ ಗೊತ್ತು. ಹೇಳುವಾಗ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಗಂಡಸರ ಸೌನಾದಲ್ಲಿ ತೀರ್ಮಾನ ಆಗಿಹೋದರೆ ಆಫೀಸಿನ ಹೆಂಗಸರಿಗೆ ಉಳಿಯುವುದೇನು ಅಂತ ಇಲ್ಲಿನ ಹೆಂಗಸರೇ ಕೇಳಿದ್ದಾರೆ. ನನಗೆ ಕ್ರುಶ್ಚೇವ್ ಕಥೆಗಿಂತ ಈ ಪ್ರಶ್ನೆ ಮುಖ್ಯ ಅನಿಸುತ್ತದೆ.

ಭಾಷೆಯ ವಿಷಯಕ್ಕೆ ಬಂದರೂ ಹೊರಗಿನವರು ಬಾಗಿಲಲ್ಲೇ ನಿಲ್ಲುತ್ತಾರೆ. ಗೇಣುದ್ದದ ಒಂದು ಪದದ ಫೋಟೊ ಹಾಕಿ 'ಜಗತ್ತಿನ ಅತಿ ಕಷ್ಟದ ಭಾಷೆ' ಅಂತ ಬರೆದರೆ ಆಯಿತು. ಹದಿನೈದು ವಿಭಕ್ತಿ ಇವೆ ಅಂತ ಹೇಳಿ ಇಂಗ್ಲಿಷಿನವರನ್ನು ಹೆದರಿಸಬಹುದು, ಕನ್ನಡದವರನ್ನು ಹೆದರಿಸುವುದು ಕಷ್ಟ. ತಲೊ ಅಂದರೆ ಮನೆ. ತಲೊಸ್ಸ ಮನೆಯಲ್ಲಿ, ತಲೊಸ್ತ ಮನೆಯಿಂದ, ತಲೋನ್ ಮನೆಯೊಳಕ್ಕೆ. ಮನೆಯ ಹಿಂದೆ ಅನ್ನುವುದಕ್ಕೆ ತಲೊನ್ ತಕನ: ಮೊದಲು 'ಮನೆಯ', ಆಮೇಲೆ 'ಹಿಂದೆ', ನಮ್ಮ ಕ್ರಮದಲ್ಲೇ. ಇಂಗ್ಲಿಷಿನ ಹಾಗೆ 'ಹೊಂದಿರು' ಅನ್ನುವ ಕ್ರಿಯಾಪದ ಇವರಿಗೂ ಬೇಕಾಗಿಲ್ಲ; ನನ್ನ ಹತ್ರ ಕಾರಿದೆ ಅಂತ ನಾವು ಹೇಳುವ ಹಾಗೆಯೇ ಮಿನುಲ್ಲ ಒನ್ ಔತೊ ಅನ್ನುತ್ತಾರೆ. ಪ್ರಶ್ನೆ ಕೇಳುವುದಕ್ಕೆ ನಾವು ಬಾಲಕ್ಕೆ ಒಂದು 'ಆ' ಸೇರಿಸುತ್ತೇವೆ, ಬರ್ತೀಯಾ ಅಂತ. ಅವರು 'ಕೊ' ಸೇರಿಸುತ್ತಾರೆ, ತುಲೆತ್ಕೊ ಅಂತ. ಮನೆಯೂ ಅನ್ನುವುದಕ್ಕೆ ತಲೊಕಿನ್. ಕ್ಲಾಸಿನಲ್ಲಿ ನನ್ನ ಪಕ್ಕ ಕೂತಿದ್ದ ಸ್ಪೇನಿನ ಹುಡುಗಿ ಇದಕ್ಕೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದಾಗ ನಾನು ಆರಾಮಾಗಿ ಕಾಫಿ ಕುಡಿಯುತ್ತಿದ್ದೆ.

ಹ್ರಸ್ವ ದೀರ್ಘ, ಒತ್ತಕ್ಷರ, ಇವೂ ನಮಗೆ ಸುಲಭ. ಬೇರೆಯವರಿಗೆ ಇಲ್ಲಿ ಪ್ರಾಣಸಂಕಟ. ತಪಾನ್ ಸಿನುತ್ ಅಂದರೆ ನಿನ್ನನ್ನು ಭೇಟಿಯಾಗುತ್ತೇನೆ. ದೀರ್ಘ ಬಿಟ್ಟು ತಪನ್ ಸಿನುತ್ ಅಂದರೆ ನಿನ್ನನ್ನು ಕೊಲ್ಲುತ್ತೇನೆ. ಕೇಳಿ ಕೇಳಿ ಹಳಸಿದ ಉದಾಹರಣೆ, ಆದರೆ ಸತ್ಯ. ಕಷ್ಟ ಶುರುವಾಗುವುದು ಬೇರೆ ಕಡೆ. ನಾವು ದೊಡ್ಡ ಮನೆಯಲ್ಲಿ ಅಂದು ಮುಗಿಸುತ್ತೇವೆ. ಇವರು 'ದೊಡ್ಡ'ಕ್ಕೂ ವಿಭಕ್ತಿ ಹಚ್ಚಿ ಇಸೊಸ್ಸ ತಲೊಸ್ಸ ಅನ್ನಬೇಕು. ನಮ್ಮ 'ಇಲ್ಲ' ಎಲ್ಲರಿಗೂ ಒಂದೇ. ಇವರಲ್ಲಿ ನಾನು, ನೀನು, ಅವನು ಅಂತ ಆಳಿಗೊಂದು 'ಇಲ್ಲ'. ಪುಸ್ತಕ ಓದುತ್ತಾ ಇದ್ದೇನೆ ಅನ್ನುವುದಕ್ಕೂ, ಓದಿ ಮುಗಿಸುತ್ತೇನೆ ಅನ್ನುವುದಕ್ಕೂ ಕ್ರಿಯಾಪದ ಬದಲಾಗುವುದಿಲ್ಲ, 'ಪುಸ್ತಕ'ದ ವಿಭಕ್ತಿ ಬದಲಾಗುತ್ತದೆ. ಇಲ್ಲಿ ನನ್ನ ಕಾಫಿ ತಣ್ಣಗಾಯಿತು. ಮೇಲಿಂದ, ಪುಸ್ತಕದ ಭಾಷೆ ಕಲಿತು ಅಂಗಡಿಗೆ ಹೋದರೆ ಅಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಗ್ರಂಥದ ಕನ್ನಡ ಕಲಿತವನು ಹುಬ್ಬಳ್ಳಿ ಮಾರ್ಕೆಟ್ಟಿಗೆ ಹೋದರೆ ಏನಾಗಬಹುದೋ ಅದೇ ಪಾಡು. ನಾನು ತಡವರಿಸಿದ ಕೂಡಲೇ ಅವರು ಇಂಗ್ಲಿಷಿಗೆ ತಿರುಗಿಬಿಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಅದರಿಂದ ಕಲಿಯುವವನಿಗೆ ಆಗುವ ನಷ್ಟ ಅವರಿಗೆ ತಿಳಿಯುವುದಿಲ್ಲ. ಪೌರತ್ವ ಬೇಕಿದ್ದರೆ ಸಾಮಾನ್ಯವಾಗಿ ಫಿನ್ನಿಷ್ ಅಥವಾ ಸ್ವೀಡಿಷ್ ಪರೀಕ್ಷೆ ಪಾಸಾಗಬೇಕು, ಅಲ್ಲಿ ಯಾರೂ ಇಂಗ್ಲಿಷಿಗೆ ತಿರುಗುವುದಿಲ್ಲ.

ಈ ಹೋಲಿಕೆ ನೋಡಿ ಉಬ್ಬಿಹೋದವರು ನಮಗಿಂತ ಮೊದಲೇ ಇದ್ದರು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್, ಕನ್ನಡ, ತಮಿಳು, ತೆಲುಗು ಮುಂತಾದವಕ್ಕೂ ಫಿನ್ನಿಷ್ ಇರುವ ಗುಂಪಿಗೂ ದೂರದ ನೆಂಟಸ್ತಿಕೆ ಇರಬೇಕು ಅಂದಿದ್ದರು. ಈಗಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಫಿನ್ನಿಷ್‌ನ ನೆಂಟರು ಎಸ್ಟೋನಿಯನ್, ಸಾಮಿ, ದೂರದಿಂದ ಹಂಗೇರಿಯನ್. ಪ್ರತ್ಯಯ ಅಂಟಿಸುವ ಅಭ್ಯಾಸ ಒಂದೇ ಅಂದಮಾತ್ರಕ್ಕೆ ನೆಂಟರಾಗುವುದಿಲ್ಲ. ವಾಟ್ಸಾಪಿನಲ್ಲಿ 'ಫಿನ್ಲೆಂಡಿನವರು ಮೂಲದಲ್ಲಿ ದ್ರಾವಿಡರು' ಅಂತ ಬಂದರೆ ದಯವಿಟ್ಟು ನನಗೆ ಕಳಿಸಬೇಡಿ. ಈಗಾಗಲೇ ಬಂದಿದೆ.

ನೆಂಟಸ್ತಿಕೆ ಇಲ್ಲದಿದ್ದರೂ ನಿಜವಾದ ಕೊಂಡಿ ಒಂದಿದೆ, ಅದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ಪುತ್ತೂರಿಗೆ ಹತ್ತಿರದ ಬೆಳ್ತಂಗಡಿ ತಾಲೂಕಿನ ಮಾಚಾರಿನಲ್ಲಿ ಗೋಪಾಲ ನಾಯ್ಕ ಅಂತ ಇದ್ದರು. ಬೇಸಾಯಗಾರರು, ತುಳುನಾಡಿನ ಸಿರಿ ಅನ್ನುವ ದೈವದ ಆರಾಧನೆಯನ್ನು ನಡೆಸಿಕೊಡುವವರು. ಅವರು ತುಳುವಿನಲ್ಲಿ ಹಾಡಿದ ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆ ಹೇಳುವ ಉದ್ದದ ಜನಪದ ಹಾಡನ್ನು, 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಹೆಂಡತಿ ಅನ್ನೆಲಿ ಹೊಂಕೊ, ನಮ್ಮವರಾದ ವಿವೇಕ ರೈ, ಚಿನ್ನಪ್ಪ ಗೌಡ ಸೇರಿ ಧ್ವನಿಮುದ್ರಣ ಮಾಡಿಕೊಂಡರು. 1998ರಲ್ಲಿ ಹೆಲ್ಸಿಂಕಿಯಿಂದ ಅದು ಪುಸ್ತಕವಾಗಿ ಬಂತು: 15,683 ಸಾಲು, ಎದುರಿಗೆ ಇಂಗ್ಲಿಷ್ ಅನುವಾದ. ಫಿನ್ನರಿಗೆ ಇದರಲ್ಲಿ ಆಸಕ್ತಿ ಯಾಕೆ ಅಂದರೆ ಅವರ ರಾಷ್ಟ್ರೀಯ ಮಹಾಕಾವ್ಯ ಕಲೆವಾಲ. ಎಲಿಯಾಸ್ ಲೊನ್ರೊಟ್ ಅನ್ನುವ ವೈದ್ಯ ಹಳ್ಳಿ ಹಳ್ಳಿ ತಿರುಗಿ, ಎಷ್ಟೋ ಜನ ಹಾಡಿದ ತುಣುಕುಗಳನ್ನು ಸೇರಿಸಿ 1835ರಲ್ಲಿ ಒಮ್ಮೆ, ಬೆಳೆಸಿ 1849ರಲ್ಲಿ ಮತ್ತೊಮ್ಮೆ ಪ್ರಕಟಿಸಿದ. ಎರಡನೆಯದರಲ್ಲಿ 22,795 ಸಾಲು. ಅಷ್ಟು ಉದ್ದದ ಕಾವ್ಯವನ್ನು ಹೊಲಿದದ್ದು ಲೊನ್ರೊಟ್. ಹಾಗಾದರೆ ಒಬ್ಬನೇ ಹಾಡುಗಾರ ಓದುಬರಹದ ಹಂಗಿಲ್ಲದೆ ಅಷ್ಟು ದೊಡ್ಡದನ್ನು ತಲೆಯಲ್ಲಿ ಇಟ್ಟುಕೊಂಡು ಹಾಡುವುದು ಸಾಧ್ಯವಾ? ಉತ್ತರ ಮಾಚಾರಿನಲ್ಲಿ ಸಿಕ್ಕಿತು. ಒಂದೇ ಹಾಡನ್ನು ಬೇರೆ ಬೇರೆ ಸಂದರ್ಭದಲ್ಲಿ ಹೇಗೆ ಉದ್ದ ಮಾಡುತ್ತಾರೆ, ಹೇಗೆ ಚಿಕ್ಕದು ಮಾಡುತ್ತಾರೆ, ಗದ್ದೆಯಲ್ಲಿ ಹೇಗೆ, ಜಾತ್ರೆಯಲ್ಲಿ ಹೇಗೆ ಅಂತ ಕೂತು ಕೇಳಿದರು. ಕುತೂಹಲ ಅಂದರೆ ನನಗೆ ಈಗ ನೆನಪಾಗುವುದು ಆ ಧ್ವನಿಮುದ್ರಣ. ಸಿರಿ ಜಾತ್ರೆಯಲ್ಲಿ ಮೈಮೇಲೆ ಬರುವುದನ್ನು ಮಾತ್ರ ಫೋಟೊ ಹೊಡೆದು ಹೋದ ವಿದೇಶಿಯರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಫಿನ್ನರಿಗೆ ತಮ್ಮ ಬಗ್ಗೆ ಬೇರೆಯವರಿಗಿರುವ ಕುತೂಹಲದ ಮೇಲೇ ಒಂದು ವಿಪರೀತ ಕುತೂಹಲ ಇದೆ. ಅವರೇ ಹೇಳಿಕೊಳ್ಳುವ ಜೋಕು: ಬೇರೆ ಬೇರೆ ದೇಶದವರು ಆನೆಯನ್ನು ನೋಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಯೋಚನೆ, ಫಿನ್ಲೆಂಡಿನವನಿಗೆ ಮಾತ್ರ 'ಈ ಆನೆ ನನ್ನ ಬಗ್ಗೆ ಏನಂದುಕೊಂಡಿರಬಹುದು?' ಅನ್ನುವ ಚಿಂತೆ. ಹೊರದೇಶದ ಯಾವುದೋ ವಿಡಿಯೊದಲ್ಲಿ ಫಿನ್ಲೆಂಡ್ ಅನ್ನುವ ಹೆಸರು ಬಂದರೆ ಸಾಕು, ಕೆಳಗೆ 'ತೊರಿಲ್ಲ ತವತಾನ್', ಪೇಟೆ ಚೌಕದಲ್ಲಿ ಸಿಗೋಣ, ಅಂತ ಬರೆಯುತ್ತಾರೆ. ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಾಗ ಜನ ಚೌಕದಲ್ಲಿ ಸೇರಿ ಕುಣಿದ ನೆನಪಿಗೆ, ತಮಾಷೆಗೆ. ಯಾವ ದೇಶದವರು ಜಾಸ್ತಿ ಸಂತೋಷವಾಗಿದ್ದಾರೆ ಅಂತ ಪ್ರತಿ ವರ್ಷ ಬರುವ ಜಗತ್ತಿನ ಪಟ್ಟಿಯ ವಿಷಯದಲ್ಲಿ ಮಾತ್ರ ಇವರಿಗೆ ಮುಜುಗರ. 2018ರಿಂದ 2025ರವರೆಗೆ ಪ್ರತಿ ವರ್ಷ ಫಿನ್ಲೆಂಡೇ ಮೊದಲು. ಅಲ್ಲಿ ಕೇಳುವುದು ನೀವು ಎಷ್ಟು ನಗುತ್ತೀರಿ ಅಂತ ಅಲ್ಲ. ಸೊನ್ನೆಯಿಂದ ಹತ್ತರ ಏಣಿಯಲ್ಲಿ ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ ಅಂತ. ಇವರ ಸರಾಸರಿ ಉತ್ತರ 7.7ರ ಹತ್ತಿರ. ಡಿಸೆಂಬರಿನಲ್ಲಿ ದಿನಕ್ಕೆ ಐದೂವರೆ ಗಂಟೆಯೂ ಬೆಳಕು ಕಾಣದ ಊರಿನಲ್ಲಿ ಕೂತು, ಪರವಾಗಿಲ್ಲ, ಏಳೂ ಮುಕ್ಕಾಲು ಅಂತ ಹೇಳುವ ಜನ.

ನಮ್ಮ ಮೇಲಿನ ಮನೆಯ ಅಜ್ಜ ರಿಟೈರ್ಡ್ ಪ್ಲಂಬರ್. ಅವರ ಸರದಿ ನಮ್ಮದಕ್ಕಿಂತ ಮೊದಲು, ಕೆಲವೊಮ್ಮೆ ಇಬ್ಬರೂ ಸೇರಿ ಕೂರುತ್ತೇವೆ. ಕಳೆದ ದೀಪಾವಳಿಯ ವಾರ, ಕ್ರಿಸ್ಮಸ್ ಹಿಂದಿನ ದಿನದ ಸೌನಾದ ಬಗ್ಗೆ ಅವರು ಹೇಳುತ್ತಿದ್ದರು: ಮೊದಲು ಮನೆ ಗುಡಿಸಿ ಒರೆಸಿ ಆಗಬೇಕು, ಆಮೇಲೆ ಸೌನಾ, ಆಮೇಲೆ ಊಟ. ನಾನು ನಮ್ಮ ಕಡೆಯ ನೀರು ತುಂಬುವ ದಿನ ಹೇಳಿದೆ. ಬಚ್ಚಲ ಹಂಡೆ ಉಜ್ಜಿ, ಬಳ್ಳಿ ಕಟ್ಟಿ, ನೀರು ತುಂಬಿಸಿ, ಮರುದಿನ ಬೆಳಗಾಗುವ ಮೊದಲು ಒಲೆಗೆ ಕಟ್ಟಿಗೆ ಇಟ್ಟು, ಮೈಯೆಲ್ಲ ಎಣ್ಣೆ ಹಚ್ಚಿ, ಬಿಸಿಬಿಸಿ ನೀರು ಹೊಯ್ದುಕೊಂಡು ಸೀಗೆಪುಡಿಯಲ್ಲಿ ಉಜ್ಜಿ ತೊಳೆಯುವುದು. ಯಾವ ದೇವರಿಗೆ, ಯಾಕೆ, ಬಟ್ಟೆ ಹಾಕಿಕೊಂಡಿರುತ್ತೀರಾ, ಇದು ಒಂದನ್ನೂ ಅವರು ಕೇಳಲಿಲ್ಲ. ಸ್ವಲ್ಪ ಯೋಚನೆ ಮಾಡಿ, "ಒಬ್ಬರಿಗೆ ಎಷ್ಟು ಎಣ್ಣೆ?" ಅಂದರು. ಒಂದು ಸಣ್ಣ ಲೋಟ ಅಂದೆ. "ಮನೆಯಲ್ಲಿ ಎಷ್ಟು ಜನ?" ಹಬ್ಬಕ್ಕೆ ಬಂದವರೆಲ್ಲ ಸೇರಿ ಹದಿನೈದು ಇಪ್ಪತ್ತು. "ಅಷ್ಟು ಎಣ್ಣೆ, ಮೇಲಿಂದ ಪುಡಿ. ಪೈಪು ಕಟ್ಟಿಕೊಳ್ಳುವುದಿಲ್ಲವಾ?" ಪೈಪಿಲ್ಲ, ಬಚ್ಚಲ ನೀರು ಕಣಿಯಲ್ಲಿ ಹರಿದು ಸೀದಾ ತೆಂಗಿನ ಬುಡಕ್ಕೆ ಹೋಗುತ್ತದೆ ಅಂದೆ. ಕಣಿಯ ಇಳಿಜಾರು ಎಷ್ಟು, ಮಳೆಗಾಲದಲ್ಲಿ ಏನು ಮಾಡುತ್ತೀರಿ, ಎಣ್ಣೆನೀರು ಕುಡಿದರೆ ಮರ ಸಾಯುವುದಿಲ್ಲವಾ ಅಂತ ಒಂದರ ಹಿಂದೆ ಒಂದು. ಇಳಿಜಾರಿನ ಲೆಕ್ಕ ನನಗೇನು ಗೊತ್ತು? ಕೈಯಲ್ಲೇ ಓರೆ ಮಾಡಿ ತೋರಿಸಿದೆ. ಅದು ಸಾಲದು, ಮೀಟರಿಗೆ ಒಂದೆರಡು ಸೆಂಟಿಮೀಟರಾದರೂ ಇರಬೇಕು ಅಂತ ಅವರು ನನ್ನ ಮಣಿಕಟ್ಟು ಹಿಡಿದು ಸರಿಮಾಡುತ್ತಿದ್ದಾಗ ಗಂಟೆ ಮುಗಿದು, ಮುಂದಿನ ಸರದಿಯವರು ಹೊರಗಿನಿಂದ ಬಾಗಿಲು ಬಡಿಯುವುದಕ್ಕೆ ಶುರು ಮಾಡಿದ್ದರು.